ಸೆಟ್ ಮಾಡ್ಸಾಣ ಬಿಡ್ರಿ

ದಾವಣಗೆರೆಯ ಸರಸ್ವತಿ ನಗರದಲ್ಲಿ ಬೋರ್‌ವೆಲ್ಲಿನ ಮೋಟರು ಸುಟ್ಟರೂ, ಮಗನಿಗೆ ಹೆಣ್ಣು ಸಿಗದಿದ್ದರೂ, ಸೈಟಿನ ಖಾತೆ ಬದಲಾವಣೆ ಎಲ್ಲೋ ಸಿಕ್ಕಿಕೊಂಡರೂ ಜನ ಮೊದಲು ಹೋಗಿ ಕದ ತಟ್ಟುವುದು ಒಂದೇ ಮನೆಯದು. ಆ ಮನೆಯ ಯಜಮಾನರಿಗೆ ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ. ಬಡಾವಣೆಗೆ ಅವರು ಸೆಟ್ಟರಣ್ಣ. ಕಷ್ಟ ಹೇಳಿಕೊಳ್ಳಲು ಹೋದವರು ಅರ್ಧ ಹೇಳುವಷ್ಟರಲ್ಲೇ ಎದುರಿನಿಂದ ತೀರ್ಪು ಬಂದಿರುತ್ತದೆ: "ಇಷ್ಟೇ ಏನ್ರೀ? ಸೆಟ್ ಮಾಡ್ಸಾಣ ಬಿಡ್ರಿ."

ಈ ಬಿರುದು ಪುಕ್ಕಟೆ ಬಂದದ್ದಲ್ಲ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರುವಾಸಿಯಾಗಿತ್ತು. ಆ ಕಾರ್ಖಾನೆಯಿಂದಾಗಿ ನಮ್ಮ ಸೀಮೆಗೆ ಮಷಿನ್ ಶಾಪಿನ ಭಾಷೆ ಹೊಸದಲ್ಲ. ಮಷಿನ್ ಶಾಪಿನಲ್ಲಿ ಸೆಟ್ಟರ್ ಎಂಬುದು ಮರ್ಯಾದೆಯ ಹುದ್ದೆ. ಟೂಲ್ ಕೂರಿಸಿ, ಎಷ್ಟು ಆಳ ಕೊರೆಯಬೇಕೆಂದು ಗೊತ್ತುಮಾಡಿ, ಒಂದು ಪೀಸ್ ತೆಗೆದು, ಮೈಕ್ರೋಮೀಟರಿನಲ್ಲಿ ಅಳೆದು "ಓಕೆ" ಎಂದರೆ ಅವನ ಕೆಲಸ ಮುಗಿಯಿತು. ಮಿಕ್ಕ ಸಾವಿರ ಪೀಸು ಆಪರೇಟರನ ಹಣೆಬರಹ. ನಮ್ಮ ಸೆಟ್ಟರಣ್ಣ ಹರಿಹರದಲ್ಲಿ ಈ ಕೆಲಸ ಮಾಡಿದವರು. ಈ ಶತಮಾನದ ಶುರುವಿನಲ್ಲಿ ಆ ದೊಡ್ಡ ಕಾರ್ಖಾನೆಗೆ ಬೀಗ ಬಿತ್ತು, ಅದನ್ನು ನೆಚ್ಚಿದ್ದವರೆಲ್ಲ ಒಂದೊಂದು ದಾರಿ ಹಿಡಿದರು. ಸೆಟ್ಟರಣ್ಣ ದಾವಣಗೆರೆಗೆ ಬಂದು ಮನೆ ಕಟ್ಟಿದರು. ಕೈಯಲ್ಲಿದ್ದ ಮೈಕ್ರೋಮೀಟರ್ ಹರಿಹರದಲ್ಲೇ ಉಳಿಯಿತು. ಬಾಯಲ್ಲಿದ್ದ ಕ್ರಿಯಾಪದ ಜೊತೆಗೆ ಬಂತು. ಮೊದಲ ಪೀಸ್ ಆದಮೇಲೆ ಮೆಲ್ಲಗೆ ಜಾಗ ಖಾಲಿ ಮಾಡುವ ಅಭ್ಯಾಸವೂ ಬಂತು.

ಹಿಂದೆ ಕನ್ನಡದಲ್ಲಿ ಇಂಥ ಕೆಲಸಗಳನ್ನು ಹತ್ತಾರು ಕ್ರಿಯಾಪದಗಳು ಹಂಚಿಕೊಂಡು ಮಾಡುತ್ತಿದ್ದವು. ಮೊಸರಿಗೆ ಹೆಪ್ಪು ಹಾಕುತ್ತಿದ್ದೆವು, ಸಂಬಂಧ ಕುದುರಿಸುತ್ತಿದ್ದೆವು, ಮುರಿದ ಮೂಳೆ ಕೂಡಿಸುತ್ತಿದ್ದೆವು, ಜಗಳ ಬಗೆಹರಿಸುತ್ತಿದ್ದೆವು. ಸೆಟ್ಟರಣ್ಣ ಅಷ್ಟಕ್ಕೂ ವಿ.ಆರ್.ಎಸ್. ಕೊಟ್ಟು ಮನೆಗೆ ಕಳಿಸಿದ್ದಾರೆ. ಅವರ ಬಾಯಲ್ಲಿ ಮೋಲ್ಡಿಂಗ್ ಸೆಟ್ ಆಗುತ್ತದೆ, ಟಿ.ವಿ. ಚಾನೆಲ್ ಸೆಟ್ ಆಗುತ್ತದೆ, ಬಿ.ಪಿ. ಸೆಟ್ ಆಗುತ್ತದೆ, ಅತ್ತೆ ಸೊಸೆ ಸೆಟ್ ಆಗುತ್ತಾರೆ. ಮಗಳ ಮನೆಗೆಂದು ಬೆಂಗಳೂರಿಗೆ ಹೋದವರು ವಾರದೊಳಗೆ ವಾಪಸ್ಸು ಬಂದರು. ಕಾರಣ ಕೇಳಿದರೆ, "ಹವಾ ಸೆಟ್ ಆಗ್ಲಿಲ್ರೀ."

ಒಂದು ಕಡೆ ಮಾತ್ರ ಈ ಪದ ಅವರಿಗೆ ಆಗುವುದಿಲ್ಲ. ಬೆಂಗಳೂರಿನ ನೆಂಟರೊಬ್ಬರು ಬೆಣ್ಣೆ ದೋಸೆ ಹೋಟೆಲ್ಲಿನಲ್ಲಿ ಕೂತು "ಸೆಟ್ ದೋಸೆ ಇದೆಯಾ?" ಎಂದುಬಿಟ್ಟರು. ಸೆಟ್ಟರಣ್ಣನ ಮುಖ ಕಾವಲಿಯಾಯಿತು. "ಇದು ದಾವಣಗೆರೆ ಕಣ್ರೀ. ಇಲ್ಲಿ ಬೆಣ್ಣೆ, ಖಾಲಿ, ಓಪನ್. ಸೆಟ್ಟು ಗಿಟ್ಟು ಅಂತ ಮಾನ ಕಳೀಬ್ಯಾಡ್ರಿ!"

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಈ ಸೆಟ್ ಎಂಬ ಕ್ರಿಯಾಪದದ್ದೇ. ಅರ್ಥಗಳು 430, ವಿವರಣೆಗೆ ಹಿಡಿದ ಪದಗಳು ಸುಮಾರು 60,000. ಆಮೇಲೆ ಪರಿಷ್ಕರಣೆ ನಡೆದಾಗ ರನ್ ಎಂಬ ಕ್ರಿಯಾಪದ 645 ಅರ್ಥಗಳನ್ನು ಹೇರಿಕೊಂಡು ಮುಂದೆ ಓಡಿತು. ಆ ಒಂದು ಪದ ಬಿಡಿಸಲು ಪೀಟರ್ ಗಿಲಿವರ್ ಎಂಬ ನಿಘಂಟುಕಾರರಿಗೆ ಒಂಬತ್ತು ತಿಂಗಳು ಹಿಡಿಯಿತು. ಈ ಸುದ್ದಿ ಹೇಳಿದಾಗ ಸೆಟ್ಟರಣ್ಣ ಸ್ವಂತ ತಮ್ಮ ಎಲೆಕ್ಷನ್‌ನಲ್ಲಿ ಸೋತವರ ಹಾಗೆ ಕೂತರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ಅಲ್ಲಿ ಯಾರಾದ್ರೂ ಗುರ್ತದೋರು ಇದ್ದಾರೇನ್ರೀ? ಸೆಟ್ ಮಾಡ್ಸಾಣ."

ಅವರ ನಿಜವಾದ ಕಾರ್ಯಕ್ಷೇತ್ರ ಮದುವೆ. ಎರಡು ಕಡೆಯವರು ವರೋಪಚಾರದ ಬಾಬತ್ತಿನಲ್ಲಿ ಮುಖ ತಿರುಗಿಸಿ ಕೂತಾಗ ಅವರು ಬತ್ತಳಿಕೆಯಿಂದ ತೆಗೆಯುವ ಬಾಣ ಹರಿಹರೇಶ್ವರ. "ನೋಡ್ರಿ, 1224ರಾಗೆ ಹೊಯ್ಸಳರ ದಂಡನಾಯಕ ಪೊಲಾಳ್ವ ಗುಡಿ ಕಟ್ಟಿಸ್ದ. ಒಂದೇ ಮೂರ್ತಿ, ಅರ್ಧ ಶಿವ, ಅರ್ಧ ವಿಷ್ಣು. ಆ ಇಬ್ಬರೇ ಸೆಟ್ ಆಗ್ಯಾರ. ಒಂದು ಬೈಕಿನ ಸಲುವಾಗಿ ನೀವು ಸೆಟ್ ಆಗಲ್ಲ ಅಂದ್ರೆ ಹೆಂಗೆ?" ಇದಕ್ಕೆ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ, ಒಬ್ಬಳನ್ನು ಬಿಟ್ಟು. ಎಂಜಿನಿಯರಿಂಗ್ ಮುಗಿಸಿದ ಆ ಹುಡುಗಿ ಕಾಫಿ ತಟ್ಟೆ ಕೆಳಗಿಟ್ಟು, "ಅಂಕಲ್, ಇವ್ರು ನಂಗೆ ಸೆಟ್ ಆಗಲ್ಲ" ಎಂದಳು. "ಸೆಟ್ ಮಾಡ್ಸಾಣ ಬಿಡಮ್ಮ." "ಮಾಡ್ಸೋಕೆ ನಾನೇನು ಪಂಪ್‌ಸೆಟ್ಟಾ, ಅಂಕಲ್?" ಅವರದೇ ಪದ ಅವರಿಗೇ ತಿರುಗಿ ಬಿದ್ದದ್ದು ಅದೇ ಮೊದಲು. ಉಪ್ಪಿಟ್ಟು ಬಿಟ್ಟು ಎದ್ದರು.

ಕಚೇರಿ ಕೆಲಸಕ್ಕೆ ಬಂದಾಗ ಈ ಪದ ಅತ್ತಿತ್ತ ನೋಡಿ ದನಿ ತಗ್ಗಿಸುತ್ತದೆ. "ಒಳಗೆ ಸೆಟ್ ಮಾಡೀನಿ" ಎಂದರೆ ಎಷ್ಟು ಎಂದು ನಾವು ಕೇಳಬೇಕು, ಯಾರಿಗೆ ಎಂದು ಕೇಳಬಾರದು. ಲಂಚ ಎಂದರೆ ಕೊಡುವವನಿಗೂ ತೆಗೆದುಕೊಳ್ಳುವವನಿಗೂ ನಾಚಿಕೆ. ಸೆಟ್ ಎಂದುಬಿಟ್ಟರೆ ಯಾವುದೋ ಯಂತ್ರದ ತಿರುಪು ಬಿಗಿ ಮಾಡಿ ಬಂದಷ್ಟು ನಿರ್ಮಲ. ಇದಕ್ಕೆ ನಗುತ್ತೇವೆ, ಆದರೆ ನಗುತ್ತಲೇ ಜೇಬಿಗೆ ಕೈ ಹಾಕುತ್ತೇವೆ.

ಇಷ್ಟಾದರೂ ಸೆಟ್ಟರಣ್ಣ ಯಾವತ್ತೂ ಸಿಕ್ಕಿಬೀಳುವುದಿಲ್ಲ. ಅವರನ್ನು ಕಾಯುವುದು ಕನ್ನಡ ವ್ಯಾಕರಣ. ಇಂಗ್ಲಿಷಿನಿಂದ ಆಮದಾದ ಕ್ರಿಯಾಪದ ಕನ್ನಡದಲ್ಲಿ ಒಂಟಿಯಾಗಿ ನಡೆಯಲಾರದು. 'ಮಾಡು' ಅಥವಾ 'ಆಗು' ಅದರ ಕೈ ಹಿಡಿಯಬೇಕು. ಇವರ ಜಾಣತನವೆಲ್ಲ ಇವೆರಡರ ನಡುವಿನ ಸಂದಿಯಲ್ಲಿದೆ. ಮದುವೆ ಕೂಡಿಬಂದರೆ "ನಾನೇ ಸೆಟ್ ಮಾಡಿದ್ದು." ಮುರಿದರೆ "ಯಾಕೋ ಸೆಟ್ ಆಗ್ಲಿಲ್ಲ." ಮೋಟರು ನೀರೆತ್ತಿದರೆ ಮಾಡಿದ್ದು, ಎತ್ತದಿದ್ದರೆ ಆಗದ್ದು. 'ಮಾಡು' ಬಂದಾಗ ಕರ್ತೃ ಎದೆಯುಬ್ಬಿಸಿ ನಿಂತಿರುತ್ತಾನೆ. 'ಆಗು' ಬಂದಾಗ ಅದೇ ಕರ್ತೃ ಪಿ.ಬಿ. ರಸ್ತೆ ದಾಟಿರುತ್ತಾನೆ. ಈ ವಿದ್ಯೆ ಅವರೊಬ್ಬರದೇ ಎಂದರೆ ಅನ್ಯಾಯವಾದೀತು. ಭದ್ರಾ ನಾಲೆಯ ಕೊನೆ ಭಾಗದ ರೈತರು ನೀರು ಬರಲಿಲ್ಲವೆಂದು ರಸ್ತೆಗಿಳಿದಾಗಲೂ ಸಿಗುವ ಉತ್ತರ ಇದೇ ಧಾತುವಿನದು: ನೀರು ಬಿಡುಗಡೆಯಾಗಿದೆ, ತಲುಪುವುದು ತಡವಾಗಿದೆ, ಕ್ರಮ ಕೈಗೊಳ್ಳಲಾಗುವುದು. ಬಿಟ್ಟವರು ಯಾರು, ತಡ ಮಾಡಿದವರು ಯಾರು, ಕ್ರಮ ಕೈಗೊಳ್ಳುವವರು ಯಾರು? ವಾಕ್ಯದಲ್ಲಿ ಅವರ ಸುಳಿವೇ ಇಲ್ಲ.

ಈ ಆಟ ನಡೆಯದ ಜಾಗ ಸೆಟ್ಟರಣ್ಣನ ಅಡುಗೆಮನೆ. "ಮೊಸರು ಸೆಟ್ ಆತಾ?" ಎಂದು ಅವರು ಕೇಳುವುದು, "ಹೆಪ್ಪು ಹಾಕೀನಿ. ಹೆಪ್ಪಾದ್ರೆ ಮೊಸರು, ಇಲ್ದಿದ್ರೆ ಹಾಲು. ನೀವು ಕೈ ಹಾಕ್ಬ್ಯಾಡ್ರಿ" ಎಂದು ಅವರ ಮನೆಯವರು ಹೇಳುವುದು ದಿನಾ ರಾತ್ರಿಯ ಸಂಪ್ರದಾಯ. ಯಜಮಾನರು ಸೆಟ್ ಮಾಡಿದ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ ಅಟ್ಟದ ಮೇಲೆ ಸಾಲಾಗಿ ಕೂತಿರುವುದನ್ನು ಆ ತಾಯಿ ನೋಡಿದ್ದಾರೆ.

ಸಾವಿನ ಮನೆಯಲ್ಲಿ ಮಾತ್ರ ಸೆಟ್ಟರಣ್ಣ ಈ ಪದ ಆಡಿದ್ದನ್ನು ನಾನು ಕೇಳಿಲ್ಲ. ಅಲ್ಲಿ ಮಾತಿಲ್ಲದೆ ಶಾಮಿಯಾನ, ಕುರ್ಚಿ, ವ್ಯಾನು, ಬಂದವರಿಗೆ ಚಹಾ ಎಲ್ಲ ಬರುತ್ತವೆ. ಮೊದಲ ಪೀಸಿಗೆ ಎದ್ದು ಹೋಗುವ ಮನುಷ್ಯ ಕಟ್ಟಕಡೆಯ ಕುರ್ಚಿ ಗಾಡಿಗೇರುವ ತನಕ ನಿಂತಿರುತ್ತಾರೆ. ಅದಕ್ಕೇ ಬಡಾವಣೆಯವರು ಮದುವೆಯಲ್ಲಿ ಎಷ್ಟೇ ಬೈದುಕೊಂಡರೂ ಅವರನ್ನು ಬಿಡುವುದಿಲ್ಲ.

ನಿಮ್ಮ ಬಡಾವಣೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಕೆಲಸವಿದ್ದರೆ ಧಾರಾಳವಾಗಿ ಹೋಗಿ, ಕೊಟ್ಟ ಚಹಾ ಕುಡಿಯಿರಿ. ಆದರೆ "ಮಾಡ್ತೀನಿ" ಅಂದರೋ "ಆಗ್ತದೆ" ಅಂದರೋ ಕಿವಿಗೊಟ್ಟು ಕೇಳಿಸಿಕೊಳ್ಳಿ. "ಆಗ್ತದೆ" ಅಂದಿದ್ದರೆ ಅಡ್ವಾನ್ಸ್ ಕೊಡಬೇಡಿ.