ಒಂದು ಚೀಲ, ಮೇಲೆ ಹದಿಮೂರು ಕೆಜಿ

ಸಿರುಗುಪ್ಪ ಸೀಮೆಯಲ್ಲಿ ಒಂದು ಚೀಲ ಭತ್ತ ಎಂದರೆ 75 ಕೆಜಿ. ದರ ಕೇಳುವುದು ಚೀಲಕ್ಕೆ, ಇಳುವರಿ ಹೇಳುವುದು ಎಕರೆಗೆ ಇಷ್ಟು ಚೀಲ ಎಂದು, ಹೊಲ ಗುತ್ತಿಗೆಗೆ ಕೊಡುವಾಗಲೂ ಮಾತು ಚೀಲದ್ದೇ. ಹೀಗಿರುವಾಗ ಸಾಹುಕಾರರು ರೈಸ್ ಮಿಲ್ಲಿನ ಕಾಟಾ ಹತ್ತಿ ನಿಂತರು. ಕೆಂಪು ಅಂಕಿಗಳು ಒಂದೆರಡು ಸಲ ತಡವರಿಸಿ 88ಕ್ಕೆ ಬಂದು ನಿಂತವು. ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಹಮಾಲಿ ತನಗೆ ಗೊತ್ತಿರುವ ಲೆಕ್ಕದಲ್ಲೇ ವರದಿ ಒಪ್ಪಿಸಿದ: “ಒಂದು ಚೀಲ, ಮ್ಯಾಲೆ ಹದಿಮೂರು ಕೆಜಿ, ಸಾವ್ಕಾರ್ರ.”

ಈ ಸಾಹುಕಾರರಿಗೆ ಗುರಿಯಪ್ಪ ಎಂದು ಹೆಸರಿಟ್ಟುಕೊಳ್ಳೋಣ. ಇವರು ಒಬ್ಬರೇ ಅಲ್ಲ. ಮಿಲ್ಲಿನ ಪಾಲುದಾರರಾಗಿ, ಗೊಬ್ಬರದ ಅಂಗಡಿಯ ಗಲ್ಲಾದಲ್ಲಿ, ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ, ಬ್ಯಾಂಕಿನ ಕೌಂಟರಿನ ಹಿಂದೆ ಎಲ್ಲೆಲ್ಲೂ ಇದ್ದಾರೆ. ತೆಕ್ಕಲಕೋಟೆಗೆ ಕೆಲವರು, ಕುರುಗೋಡಿಗೆ ಕೆಲವರು, ಬಳ್ಳಾರಿಯಲ್ಲಂತೂ ಓಣಿಗೊಬ್ಬರು. ವಯಸ್ಸು ನಲವತ್ತೈದರ ಆಸುಪಾಸು. ತೂಕ ಇಳಿಸುವವರು ಬೇರೆ, ಇಳಿಸಬೇಕಾದ ತೂಕ ಎಷ್ಟೆಂದು ನಿಶ್ಚಯಿಸುವವರು ಬೇರೆ. ಗುರಿಯಪ್ಪನವರು ಎರಡನೆಯ ಪಂಗಡದ ಹಿರಿಯ ಸದಸ್ಯರು.

ಅವರು ತೂಕ ನೋಡಿಕೊಳ್ಳುವ ವಿಧಿಯೇ ನೋಡುವಂಥದ್ದು. ಮೊದಲು ಚಪ್ಪಲಿ. ಆಮೇಲೆ ಎರಡು ಮೊಬೈಲು, ಗೋದಾಮಿನ ಕೀಲಿಗೊಂಚಲು, ಜೇಬಿನ ಡೈರಿ, ಕೈಗಡಿಯಾರ. ಕನ್ನಡಕವನ್ನೂ ತೆಗೆದರೆ ಅಂಕಿ ಕಾಣುವುದಿಲ್ಲವಾದ್ದರಿಂದ ಅದೊಂದಕ್ಕೆ ವಿನಾಯಿತಿ. ಕಡೆಗೆ ಆಚೀಚೆ ನೋಡಿ, ಅಂಗಿ ಎತ್ತಿ, ಬೆಳ್ಳಿ ಉಡದಾರವನ್ನೂ ಬಿಚ್ಚಿ ಗುಮಾಸ್ತನ ಮೇಜಿನ ಮೇಲಿಡುತ್ತಾರೆ. ಈ ಉಡದಾರಕ್ಕೆ ಅಕ್ಕಸಾಲಿಗ ಈಗಾಗಲೇ ಎರಡು ಸಲ ಕೊಂಡಿ ಸೇರಿಸಿದ್ದಾನೆ. ಎರಡು ಸಲವೂ ಗುರಿಯಪ್ಪನವರು ಕೊಟ್ಟ ಕಾರಣ ಒಂದೇ: “ಹಳೇ ಬೆಳ್ಳಿ, ತೊಳದು ತೊಳದು ಕುಗ್ಗೈತಿ.”

ಅವರ ಮೊದಲ ಗುರಿ 58 ಕೆಜಿ. ಅದು ಮದುವೆಯ ತೂಕ. ಸಿರುಗುಪ್ಪಕ್ಕೆ ರೈಲಿಲ್ಲ, ಹತ್ತಬೇಕಾದರೆ ಬಳ್ಳಾರಿಗೋ ಆದೋನಿಗೋ ಹೋಗಬೇಕು. ಹಾಗೆ ಹೋದಾಗ ಸ್ಟೇಷನ್ನಿನಲ್ಲಿ ಬಣ್ಣದ ದೀಪ ಮಿಣುಕಿಸುವ ಯಂತ್ರಕ್ಕೆ ನಾಣ್ಯ ಹಾಕಿ, ರಟ್ಟಿನ ಚೀಟಿ ಪಡೆದು, ಒಂದು ಬದಿಯಲ್ಲಿ ತೂಕವನ್ನೂ ಇನ್ನೊಂದು ಬದಿಯಲ್ಲಿ ಭವಿಷ್ಯವನ್ನೂ ಓದಿಕೊಂಡ ತಲೆಮಾರು ಅವರದು. ಚೀಟಿ ಮದುವೆ ಆಲ್ಬಮ್ಮಿನೊಳಗೆ ಈಗಲೂ ಇದೆ. ಅದರಲ್ಲಿ 58 ಎಂದಿದೆ. ಹಿಂಬದಿಯಲ್ಲಿ, ನಿಮಗೆ ಉನ್ನತಿ ಕಾದಿದೆ ಎಂಬ ಅರ್ಥದ ಮಾತಿದೆ. ತೂಕದ ಮಟ್ಟಿಗೆ ಭವಿಷ್ಯ ನಿಜವಾಯಿತು.

ಆ 58ರ ಬಗ್ಗೆ ಅವರ ಹೆಂಡತಿಯ ವಾದ ಬೇರೆ. “ಏನ್ರೀ, ಲಗ್ನಕ್ಕ ತಿಂಗಳ ಮುಂಚೆ ನಿಮಗ ಟೈಫಾಯ್ಡ್ ಆಗಿತ್ತು. ಹಾಸಿಗಿಂದ ಎದ್ದು ಬಂದು ತಾಳಿ ಕಟ್ಟೀರಿ. ಅದೂ ಒಂದು ತೂಕ ಏನ್ರೀ?” ಗುರಿಯಪ್ಪನವರು ಇದಕ್ಕೆ ಉತ್ತರ ಕೊಟ್ಟಿಲ್ಲ. ಆದರೆ ಯೌವನದ ತೂಕವನ್ನೇ ಗುರಿಯಾಗಿಟ್ಟುಕೊಳ್ಳುವ ಯಾರಾದರೂ ಈ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳುವುದು ಮೇಲು.

ಎರಡನೆಯ ಗುರಿ 63. ಕಾರಣ ಆರಕ್ಕೆ ಮೂರು ಸೇರಿದರೆ ಒಂಬತ್ತು. ಅವರ ಗಾಡಿಯ ನಂಬರು ಕೂಡಿದರೂ ಒಂಬತ್ತೇ.

ಮೂರನೆಯದು ಎಲ್‌ಐಸಿ ಏಜೆಂಟರೊಬ್ಬರಿಂದ ಬಂತು: ಸೆಂಟಿಮೀಟರಿನ ಎತ್ತರದಲ್ಲಿ ನೂರು ಕಳೆಯಿರಿ, ಉಳಿದದ್ದೇ ನಿಮ್ಮ ತೂಕ. ಇದು 19ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಪಾಲ್ ಬ್ರೋಕಾನ ಹೆಸರಿನಲ್ಲಿ ನಡೆದುಬಂದ ಲೆಕ್ಕ. ಮಿದುಳಿನಲ್ಲಿ ಮಾತಿನ ನೆಲೆಯನ್ನು ತೋರಿಸಿಕೊಟ್ಟ ಬ್ರೋಕಾನೂ ಇವನೇ. ಗುರಿಯಪ್ಪನವರ ಎತ್ತರ 168 ಸೆಂಟಿಮೀಟರು, ಗುರಿ 68. ಏಜೆಂಟರ ಬಾಯಿಂದ ಇದು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ‘ಇಷ್ಟು ಎತ್ತರಕ್ಕೆ ಇಷ್ಟು ತೂಕ’ ಎಂಬ ಪಟ್ಟಿಗಳನ್ನು ಜಗತ್ತಿಗೆ ಹಂಚಿದವರಲ್ಲಿ ಮುಖ್ಯರು ವಿಮೆಯವರೇ. ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಕಂಪನಿ 1940ರ ದಶಕದಲ್ಲಿ, ಮತ್ತೆ 1959ರಲ್ಲಿ, ಮತ್ತೆ 1983ರಲ್ಲಿ ಇಂಥ ಪಟ್ಟಿ ಹೊರಡಿಸಿತು. ಯಾವ ತೂಕದವರು ಹೆಚ್ಚು ಕಾಲ ಬದುಕಿ ಹೆಚ್ಚು ಕಂತು ಕಟ್ಟುತ್ತಾರೆ ಎಂದು ತಿಳಿಯುವ ಆಸೆ ವಿಮೆಯವರಿಗಲ್ಲದೆ ಇನ್ನಾರಿಗೆ?

ನಾಲ್ಕನೆಯ ಗುರಿ ಬೆಂಗಳೂರಿನ ಸಾಫ್ಟ್‌ವೇರ್ ಅಳಿಯನದು. ದೀಪಾವಳಿಗೆ ಬಂದ ಹುಡುಗ ಮೊಬೈಲಿನಲ್ಲಿ ಎತ್ತರ, ತೂಕ ಒತ್ತಿ, “ಮಾವ, ನಿಮ್ಮ ಬಿಎಂಐ 31. ನೀವು 52ರಿಂದ 70ರ ಒಳಗೆ ಇರಬೇಕು” ಎಂದ. ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದೇ ಬಿಎಂಐ. 18.5ರಿಂದ 24.9ರವರೆಗೆ ಸರಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿ. ಗುರಿಯಪ್ಪನವರು ಸಿಟ್ಟಾದರು. “52ರಿಂದ 70 ಅಂದ್ರ ಹದಿನೆಂಟು ಕೆಜಿ ಫರಕು. ಹಿಂಗ ದರ ಹೇಳಿದ್ರ ವ್ಯಾಪಾರ ಮಾಡಾಕ ಆಗತೈತೇನು? ಒಂದು ರೇಟು ಹೇಳು.”

ಅಳಿಯ ಹೇಳಲಾರ, ಏಕೆಂದರೆ ಆ ಸೂತ್ರ ಒಂದು ರೇಟು ಹೇಳಲು ಹುಟ್ಟಿದ್ದೇ ಅಲ್ಲ. 1830ರ ದಶಕದಲ್ಲಿ ಇದನ್ನು ಕಂಡುಕೊಂಡ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ವೈದ್ಯನಲ್ಲ, ಖಗೋಳಶಾಸ್ತ್ರಜ್ಞ ಮತ್ತು ಸಂಖ್ಯಾಶಾಸ್ತ್ರಜ್ಞ. ಸಾವಿರಾರು ಜನರನ್ನು ಅಳೆದು ‘ಸರಾಸರಿ ಮನುಷ್ಯ’ ಹೇಗಿರುತ್ತಾನೆಂದು ಹುಡುಕುತ್ತಿದ್ದವನು. 1972ರಲ್ಲಿ ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿ ಅದಕ್ಕೆ ಈಗಿನ ಹೆಸರಿಟ್ಟ. ಅವನ ಉದ್ದೇಶವೂ ಜನಸಮೂಹದ ಅಧ್ಯಯನವೇ, ಸಿರುಗುಪ್ಪದ ಒಬ್ಬ ಸಾಹುಕಾರರ ಭವಿಷ್ಯವಲ್ಲ.

ಅದೂ ಸಾಲದೆಂಬಂತೆ, ಭಾರತೀಯರಿಗೆ 25ರ ಗೆರೆ ಸಡಿಲ ಎಂದು ನಮ್ಮ ವೈದ್ಯರು 2009ರಲ್ಲಿ ಅದನ್ನು 23ಕ್ಕೆ ಇಳಿಸಿದರು. ಗುರಿಯಪ್ಪನವರ ಮೇಲ್ಮಿತಿ 70ರಿಂದ 65ರ ಒಳಕ್ಕೆ ಜಾರಿತು. ತಿಂದದ್ದು ಏನೂ ಇಲ್ಲ, ಐದು ಕೆಜಿ ಹೊರೆ ಹೆಚ್ಚಾಯಿತು. ಇದಕ್ಕೆ ಕಾರಣವನ್ನು ಒಂದು ಫೋಟೊದಲ್ಲಿ ನೋಡಬಹುದು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ಅಕ್ಕಪಕ್ಕ ನಿಂತು ಫೋಟೊ ಹಾಕಿಸಿಕೊಂಡರು: ಪುಣೆಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ನಮ್ಮ ಯಾಜ್ಞಿಕ್‌ಗೆ ಶೇ 21.2. ಒಂದೇ ಸೂತ್ರ, ಒಂದೇ ಅಂಕಿ, ಒಳಗಿನ ಮಾಲು ಬೇರೆ. ಇಂಥ ಸಂಗತಿ ಭತ್ತದ ವ್ಯಾಪಾರಿಗೆ ಬಿಡಿಸಿ ಹೇಳಬೇಕಿಲ್ಲ. ಚೀಲದ ತೂಕ ನೋಡಿ ದುಡ್ಡು ಎಣಿಸುವ ಮನುಷ್ಯರಲ್ಲ ಗುರಿಯಪ್ಪನವರು. ಬಂಬು ಚುಚ್ಚಿ, ಕಾಳು ಅಂಗೈಗೆ ಸುರಿದುಕೊಂಡು, ಹಲ್ಲಲ್ಲಿ ಕಡಿದು, ಹಸಿ ಎಷ್ಟು, ಜೊಳ್ಳೆಷ್ಟು, ನುಚ್ಚೆಷ್ಟು ಬಿದ್ದೀತು ಎಂದು ಅಳೆದು ಮಾತಾಡುವವರು. ತಮ್ಮ ಮೈಯ ವಿಷಯದಲ್ಲಿ ಮಾತ್ರ ಬರೀ ಚೀಲದ ತೂಕ ಹಿಡಿದು ಕೂತಿದ್ದಾರೆ.

ಗುರಿ ಕಡೆಗೆ 58ಕ್ಕೇ ಮರಳಿತು, ಗಡುವು ಉಗಾದಿ. ಮೂರು ತಿಂಗಳಲ್ಲಿ ಮೂವತ್ತು ಕೆಜಿ. ಒಂದು ಕೆಜಿ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ಮೂವತ್ತಕ್ಕೆ 2,31,000; ತೊಂಬತ್ತು ದಿನಕ್ಕೆ ಹಂಚಿದರೆ ದಿನಕ್ಕೆ 2,500ಕ್ಕೂ ಮೇಲೆ. ಕೂತು ಕೆಲಸ ಮಾಡುವ 65 ಕೆಜಿಯ ಗಂಡಸಿಗೆ ದಿನಕ್ಕೆ ಬೇಕಾದದ್ದೇ 2,110 ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ. 88 ಕೆಜಿಯವರಿಗೆ ಇನ್ನಷ್ಟು ಬೇಕು ಎಂದರೂ, ಉಗಾದಿಯವರೆಗೆ ಗುರಿಯಪ್ಪನವರು ನೀರು ಕುಡಿದೇ ಕೂರಬೇಕು. ಬೇವು ಸಿಕ್ಕೀತು, ಬೆಲ್ಲ ಇಲ್ಲ.

ಆದರೂ ಶುರು ಮಾಡಿದರು ಎನ್ನುವುದನ್ನು ಒಪ್ಪಬೇಕು. ಅನ್ನ ಬಿಟ್ಟರು. ಬೆಳಗಿನ ಮಂಡಾಳ ಒಗ್ಗರಣಿ, ಮಿರ್ಚಿ ಬಿಟ್ಟರು. ಮಿರ್ಚಿ ಕರಿಯುವ ಅಂಗಡಿಯ ಮುಂದೆ ಹೋಗುವಾಗ ಗಾಡಿಯ ಗ್ಲಾಸು ಏರಿಸಿಕೊಂಡರು. ಒಂದೇ ವಾರದಲ್ಲಿ ಮೂರು ಕೆಜಿ ಇಳಿದು 85 ಬಂತು. ಆ ಸಂತೋಷಕ್ಕೆ ಮಿಲ್ಲಿನವರಿಗೆಲ್ಲ ಒಗ್ಗರಣಿ-ಮಿರ್ಚಿ ತರಿಸಿದರು; ಒಬ್ಬರೇ ಸುಮ್ಮನೆ ಕೂರುವುದು ಚೆನ್ನಾಗಿರುವುದಿಲ್ಲ ಎಂದು ತಾವೂ ಕೂತರು. ಮುಂದಿನ ಸೋಮವಾರ 87.5. ಯಂತ್ರ ಕೆಟ್ಟಿದೆ ಎಂದರು. ಹಮಾಲಿ ಹೇಳಿದ: “ಯಂತ್ರ ಸರಿ ಐತ್ರಿ. ಆ ಮೂರು ಕೆಜಿ ಬರೇ ಹಸಿ.”

ಹಮಾಲಿ ಹೇಳಿದ್ದು ವಿಜ್ಞಾನ. ಅನ್ನ-ರೊಟ್ಟಿಯ ಪಿಷ್ಟದ ಒಂದು ಪಾಲನ್ನು ದೇಹ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ಆಗಿ ಕೂಡಿಡುತ್ತದೆ. ಪ್ರತಿ ಗ್ರಾಮಿನ ಜೊತೆಗೆ ಸುಮಾರು ಮೂರು ಗ್ರಾಮು ನೀರು ಕಟ್ಟಿಕೊಂಡಿರುತ್ತದೆ. ಊಟ ಬಿಟ್ಟ ಮೊದಲ ವಾರ ಖಾಲಿಯಾಗುವುದು ಹೆಚ್ಚಾಗಿ ಈ ದಾಸ್ತಾನು. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಶೇ 17ಕ್ಕಿಂತ ಹೆಚ್ಚು ತೇವಾಂಶದ ಭತ್ತ ಹಿಡಿಯುವುದಿಲ್ಲ. ಗುರಿಯಪ್ಪನವರೂ ರೈತರ ಹಸಿ ಭತ್ತಕ್ಕೆ ತೂಕ ಮುರಿಯದೆ ಬಿಟ್ಟವರಲ್ಲ. ಅಂಥವರು ತಮ್ಮ ಮೈಯ ನೀರಿಗೆ ಮಿರ್ಚಿ ಹಂಚಿದರು.

ಆ ಹಮಾಲಿಯ ತೂಕವನ್ನೂ ಇಲ್ಲೇ ಹೇಳಿಬಿಡಬೇಕು: ಐವತ್ತನಾಲ್ಕು. ತನಗಿಂತ ಇಪ್ಪತ್ತೊಂದು ಕೆಜಿ ಹೆಚ್ಚಿನ ಚೀಲವನ್ನು ದಿನವಿಡೀ ಬೆನ್ನ ಮೇಲೆ ಹೊರುತ್ತಾನೆ. ಅವನ ಗುರಿ ಎಷ್ಟೆಂದು ಯಾರೂ ಕೇಳಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ, ಹೆಂಗಸರಿರಲಿ ಗಂಡಸರಿರಲಿ, ಹತ್ತರಲ್ಲಿ ಮೂವರ ತೂಕ ಹೆಚ್ಚು. ಅದೇ ಸಮೀಕ್ಷೆಯಲ್ಲಿ ಆರು ಹೆಂಗಸರಲ್ಲಿ ಒಬ್ಬಳ ತೂಕ ಸಾಲದು. ಕಾಟಾ ಒಂದೇ ಮಿಲ್ಲಿನಲ್ಲಿ ಎರಡೂ ಕಥೆ ಹೇಳುತ್ತದೆ.

ಅನ್ನದ ವಿಷಯದಲ್ಲಿ ಗುರಿಯಪ್ಪನವರು ಆಮೇಲೆ ರಾಜಿಗೆ ಬಂದರು. ಸೋನಾ ಮಸೂರಿ ಬಿಟ್ಟು ಆರ್‌ಎನ್‌ಆರ್ ಅಕ್ಕಿ ಹಿಡಿದರು. ಹೈದರಾಬಾದಿನ ರಾಜೇಂದ್ರನಗರದ ಕೃಷಿ ವಿಜ್ಞಾನಿಗಳು ಹೊರತಂದ ಆರ್‌ಎನ್‌ಆರ್ 15048 ತಳಿ ನಮ್ಮ ಭಾಗದಲ್ಲೂ ಚೆನ್ನಾಗಿ ನಡೆಯುತ್ತದೆ. ಗ್ಲೈಸೆಮಿಕ್ ಸೂಚ್ಯಂಕ ಸುಮಾರು 51 ಎಂಬ ಕಾರಣಕ್ಕೆ ಪೇಟೆಯಲ್ಲಿ ಅದು ‘ಶುಗರ್ ಅಕ್ಕಿ’. ರಕ್ತದಲ್ಲಿ ಸಕ್ಕರೆ ಏರುವ ವೇಗ ಕಡಿಮೆ, ಅಷ್ಟೆ. ಅದರಲ್ಲಿ ಕ್ಯಾಲೊರಿ ಇಲ್ಲವೆಂದು ಯಾರೂ ಹೇಳಿಲ್ಲ. ಗುರಿಯಪ್ಪನವರಿಗೆ ಹಾಗೆ ಕೇಳಿಸಿತು. ಒಂದು ತಟ್ಟೆ ಉಣ್ಣುತ್ತಿದ್ದವರು, ಔಷಧಿಯಲ್ಲವೇ ಎಂದು ಎರಡು ಉಂಡರು.

ಇಂಥ ಹೊತ್ತಿಗೆ ಮನೆಗೆ ಆಶಾ ಕಾರ್ಯಕರ್ತೆ ಬಂದಳು. ಮೂವತ್ತು ದಾಟಿದವರೆಲ್ಲರ ಬಿಪಿ, ಶುಗರ್ ತಪಾಸಣೆಗೆ ಮೊದಲು ತುಂಬಿಸಿಕೊಳ್ಳುವ ನಮೂನೆ ಅವಳ ಕೈಲಿತ್ತು. ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ದೇಹಶ್ರಮ, ಮನೆತನದಲ್ಲಿ ಬಿಪಿ-ಶುಗರ್-ಹೃದಯದ ಕಾಯಿಲೆ: ಅಂಕ ಕೊಡುವ ಪ್ರಶ್ನೆಗಳು ಇವಿಷ್ಟೇ. ಗುರಿಯಪ್ಪನವರು ತಾವಾಗಿಯೇ “ನನ್ನ ಗುರಿ 58” ಎಂದರು. ಅವಳು ಬರೆದುಕೊಳ್ಳಲಿಲ್ಲ. ಅವಳ ಹಾಳೆಯಲ್ಲಿ ತೂಕಕ್ಕೆ ಅಂಕವೇ ಇರಲಿಲ್ಲ! ಚೀಲದಿಂದ ಟೇಪು ತೆಗೆದಳು. ಗುರಿಯಪ್ಪನವರು ಎದ್ದು ನಿಂತು, ಎದೆ ಉಬ್ಬಿಸಿ, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ನಿಂತರು. ಅವಳು ಟೇಪು ಹಿಡಿದು ಕಾದಳು. ಅವರ ಮುಖ ಕೆಂಪಾಗತೊಡಗಿತು.

“ಉಸಿರು ಬಿಡ್ರೀ ಅಣ್ಣಾರ. ನನಗೇನು ಅವಸರ ಇಲ್ಲ.”

ಬಿಟ್ಟರು. 104 ಸೆಂಟಿಮೀಟರು. ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು ಎಂಬುದು ಭಾರತೀಯರಿಗೆ ಹಾಕಿದ ಗೆರೆ. ಒಳಗಿನ ಅಂಗಗಳಿಗೆ ಸುತ್ತಿಕೊಂಡ ಕೊಬ್ಬನ್ನು ಕಾಟಾ ಹೇಳುವುದಿಲ್ಲ, ಟೇಪು ಹೇಳುತ್ತದೆ. ಬೆಳ್ಳಿ ಕುಗ್ಗಿದ್ದಲ್ಲ ಎಂದು ಅಡುಗೆಮನೆಯಿಂದ ಒಂದು ದನಿ ಬಂತು. ಒಟ್ಟು ಅಂಕ ನಾಲ್ಕು ದಾಟಿದ್ದರಿಂದ ಬೇಗ ಆಸ್ಪತ್ರೆಗೆ ಬರಬೇಕೆಂದು ಅವಳು ಚೀಟಿ ಬರೆದುಕೊಟ್ಟಳು.

ಆಸ್ಪತ್ರೆಯ ಡಾಕ್ಟರು ಇನ್ನೂ ಹುಡುಗ. ಬಿಪಿ, ಶುಗರ್ ನೋಡಿ, ಗೆರೆಯ ಮೇಲಿವೆ ಎಂದು ಹೇಳಿ, ಕಾಗದದ ಮೇಲೆ 82 ಎಂದು ಬರೆದ. ಆರು ತಿಂಗಳಲ್ಲಿ ಆರು ಕೆಜಿ. ವಾರಕ್ಕೆ 150 ನಿಮಿಷ ಚುರುಕು ನಡಿಗೆ. ಈ ಅಂಕಿ ಅವನ ಮನಸ್ಸಿಗೆ ತೋಚಿದ್ದಲ್ಲ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಕೊಟ್ಟ ಗುರಿ ಇದ್ದ ತೂಕದ ಶೇ 7 ಇಳಿಸುವುದು ಮತ್ತು ಅಷ್ಟೇ ನಿಮಿಷದ ನಡಿಗೆ. ಆ ಗುರಿ ಪಡೆದ ಗುಂಪಿನಲ್ಲಿ ಕಾಯಿಲೆ ಬರುವುದು ಶೇ 58ರಷ್ಟು ತಗ್ಗಿತು. ಗುರಿಯಪ್ಪನವರ ಪ್ರೀತಿಯ 58 ಕಡೆಗೂ ಬಂತು, ಆದರೆ ಕೆಜಿಯಲ್ಲಲ್ಲ. ಚೆನ್ನೈನ ಡಾ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನದಲ್ಲಿ ಊಟ-ನಡಿಗೆ ತಿದ್ದಿಕೊಂಡವರಿಗೆ ಶೇ 28.5ರಷ್ಟು ಅಪಾಯ ಕಡಿಮೆಯಾಯಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದೂ ಇರಲಿಲ್ಲ.

ಗುರಿಯಪ್ಪನವರು ಡಾಕ್ಟರ ಮುಂದೆ ಬಹಳ ಹೊತ್ತು ಆ ಕಾಗದ ನೋಡಿದರು. “82 ಅಂದ್ರ ಅದೊಂದು ಗುರಿ ಏನ್ರಿ ಡಾಕ್ಟ್ರ? ನಾಳಿ ಜನ ಕೇಳಿದ್ರ ನಾನು ಏನಂತ ಹೇಳ್ಲಿ?”

ಅವರ ಇಡೀ ಕಷ್ಟ ಈ ಮಾತಿನಲ್ಲಿದೆ. 58 ಎನ್ನುವುದು ನಾಲ್ಕು ಜನರೆದುರು ಹೇಳಲು ಚಂದ, ಮುಟ್ಟಲಾಗದ್ದರಿಂದ ಮುಟ್ಟುವ ಜವಾಬ್ದಾರಿಯೂ ಇಲ್ಲ. 82ಕ್ಕೆ ಆ ಸೌಕರ್ಯವಿಲ್ಲ. ಅದು ಮುಟ್ಟುವಂಥದ್ದು, ಮುಟ್ಟದಿದ್ದರೆ ತಪ್ಪು ನಮ್ಮದೇ.

ಸದ್ಯ ಅವರು ಹೆದ್ದಾರಿಯ ಲಾರಿ ಧೂಳು ತಪ್ಪಿಸಿ ಬೆಳಗ್ಗೆ ಕಾಲುವೆ ದಂಡೆಯ ಮೇಲೆ ನಡೆಯುತ್ತಾರೆ. ರಾತ್ರಿ ಅನ್ನ ಒಂದೇ ತಟ್ಟೆ, ಜೊತೆಗೆ ಜೋಳದ ರೊಟ್ಟಿ, ಪುಂಡಿ ಪಲ್ಯ. ಮಿರ್ಚಿ ಭಾನುವಾರಕ್ಕೆ. ಮೂರು ತಿಂಗಳಾದ ಮೇಲೆ ತೂಕ 85, ಈ ಸಲ ಹಸಿ ಅಲ್ಲ, ಸೊಂಟ 101. ಕೇಳಿದವರಿಗೆ ಈಗಲೂ ಗುರಿ 58 ಎಂದೇ ಹೇಳುತ್ತಾರೆ, ಹೇಳಲಿ ಬಿಡಿ.

ಓದುಗರಲ್ಲಿ ಮೂವತ್ತು ದಾಟಿದವರಿದ್ದರೆ, ಬಿಪಿ, ಶುಗರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಆಗುತ್ತದೆ. ಟೇಪು ಹಿಡಿಯಬೇಕಾದದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ.