ಸೀತನಿಯೂ ಸ್ವಾಭಿಮಾನವೂ

ಬೆಂಕಿಯಲ್ಲಿ ಬೆಂದುದರ ಜೊತೆಗೆ ಹಣ್ಣಿನ ಹುಳಿಯನ್ನೋ ಸವಿಯನ್ನೋ ಕೂಡಿಸಿ ಶೀತಕಾಲವನ್ನು ಸಹ್ಯವಾಗಿಸಿಕೊಳ್ಳುವ ವಿದ್ಯೆಯಲ್ಲಿ ಮನುಷ್ಯಕುಲವು ಏಕಮತವಾಗಿದೆ. ಆಂಗ್ಲರು ಹಂದಿಯ ತೊಡೆಯನ್ನು ಹುರಿದು ಅದರ ಮಗ್ಗುಲಲ್ಲಿ ಸೇಬಿನ ಗೊಜ್ಜನ್ನಿರಿಸಿಕೊಳ್ಳುತ್ತಾರೆ. ನಮ್ಮ ಕೊಡಗರು ಅದೇ ಪ್ರಾಣಿಯ ಮಾಂಸಕ್ಕೆ ಕಾಚಂಪುಳಿಯನ್ನು, ಎಂದರೆ ಮಲೆನಾಡಿಗರು ಉಪ್ಪಾಗೆ ಎನ್ನುವ ಹಣ್ಣಿನ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿ ಇಳಿಸಿದ ಹುಳಿಯನ್ನು, ಬೆರೆಸುತ್ತಾರೆ. ಚಾರ್ಲ್ಸ್ ಲ್ಯಾಂಬನಂತೂ 1822ರಲ್ಲಿ ಹುರಿದ ಹಂದಿಯ ಮೇಲೊಂದು ಪ್ರಬಂಧವನ್ನೇ ಬರೆದು, ಬೋ-ಬೋ ಎಂಬ ಚೀನೀ ಹುಡುಗನು ಮನೆಗೆ ಬೆಂಕಿ ತಗುಲಿಸಿ, ಒಳಗೆ ಬೆಂದ ಹಂದಿಮರಿಯನ್ನು ಮುಟ್ಟಿ, ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡು, ಪಾಕಶಾಸ್ತ್ರದ ಮಹಾಸತ್ಯವೊಂದನ್ನು ಕಂಡುಕೊಂಡನೆಂದು ಸಾರಿದನು.

ಈ ವಿಷಯದಲ್ಲಿ ನನ್ನನ್ನು ಕೆಣಕಿದವರು ಮಡಿಕೇರಿಯ ಮಿತ್ರರೊಬ್ಬರು. ಆಷಾಢದ ಮಳೆಯಲ್ಲಿ ಅವರ ಅತಿಥಿಯಾಗಿದ್ದಾಗ, ಕುಲಾಚಾರದಿಂದ ಶಾಕಾಹಾರಿಯಾದ ನನಗೆ ಕಡಂಬುಟ್ಟನ್ನೂ ಕಳಲೆಯ ಪಲ್ಯವನ್ನೂ ಬಡಿಸಿ, ತಾವು ಪಂದಿಕರಿಯ ಪಾತ್ರೆಯನ್ನು ನನ್ನ ನಾಸಿಕದ ಸಮೀಪದಲ್ಲಿಯೇ ತೆರೆದು, “ಪರಿಮಳಕ್ಕೆ ದೋಷವಿಲ್ಲ, ಮಾಸ್ತರೇ. ಪಾಪ, ನಿಮ್ಮ ಚಿಕ್ಕೋಡಿಯ ಕಡೆ ಚಳಿಗಾಲಕ್ಕೆ ಏನನ್ನು ಹುರಿಯುತ್ತೀರಿ?” ಎಂದು ಕೇಳಿದರು. ಪ್ರಶ್ನೆಯನ್ನು ಸಹಿಸಬಹುದಾಗಿತ್ತು, ಆ ‘ಪಾಪ’ವನ್ನು ಸಹಿಸುವುದು ಸಾಧ್ಯವಾಗಲಿಲ್ಲ. “ಪುಷ್ಯಮಾಸದಲ್ಲಿ ಬನ್ನಿ, ಸೀತನಿಯೆಂದರೇನೆಂದು ತೋರಿಸುತ್ತೇನೆ” ಎಂದು ಘೋಷಿಸಿ ಬಂದೆನು.

ಅವರು ಬರುವ ದಿನ ಗೊತ್ತಾದ ಮೇಲೆ, ಸೀತನಿಗೆ, ಎಂದರೆ ಹಸಿ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿಕ್ಕಿ ತಿನ್ನುವ ಎಳೆಗಾಳಿಗೆ, ಮೊದಲು ಬೇಕಾದದ್ದು ಜೋಳವೆಂಬ ಸಂಗತಿ ನನ್ನ ಲಕ್ಷ್ಯಕ್ಕೆ ಬಂದಿತು. ನಿಪ್ಪಾಣಿಯ ಬೀಗರನ್ನು ವಿಚಾರಿಸಿದರೆ ಅವರ ಹೊಲದಲ್ಲಿ ತಂಬಾಕು, ಅದನ್ನು ಸುಡಲು ಬರುತ್ತದೆಯೇ ಹೊರತು ಉಣ್ಣಲು ಬಾರದು; ರಾಯಬಾಗದ ಸೋದರಮಾವನ ಹೊಲಕ್ಕೆ ಘಟಪ್ರಭೆಯ ಕಾಲುವೆಯ ನೀರು ಬಂದಂದಿನಿಂದ ಕಬ್ಬು; ಕಾಗವಾಡದ ಕಡೆಗಂತೂ, 1939ರಲ್ಲಿ ಸ್ಥಾಪಿತವಾದ ಉಗಾರದ ಸಕ್ಕರೆ ಕಾರ್ಖಾನೆಯ ಸುತ್ತ, ದೃಷ್ಟಿ ಹರಿಯುವವರೆಗೂ ಕಬ್ಬು. ಕಡೆಗೆ ಅಥಣಿಯ ಮೂಡಲ ದಿಕ್ಕಿನ ಎರೆಭೂಮಿಯಲ್ಲಿ ನಮ್ಮ ಕಾಕಾ ಒಂದು ಪಟ್ಟಿ ಹಿಂಗಾರಿ ಜೋಳವನ್ನು ಉಳಿಸಿಕೊಂಡಿದ್ದಾರೆಂದು ತಿಳಿದು ಜೀವ ಬಂದಿತು. ಆ ಹೊಲವನ್ನು ಮುಟ್ಟುವ ದಾರಿಯ ವೃತ್ತಾಂತವನ್ನು ವಿಸ್ತರಿಸಲಾರೆ. ಎರಡೆರಡು ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡು, ಹಿಂದೆ ಒಂದು ಕೆಂಪು ದೀಪವನ್ನೂ ಕಟ್ಟಿಕೊಳ್ಳದೆ, ಜಗತ್ತಿಗೆಲ್ಲ ಕೇಳಿಸುವಂತೆ ಹಾಡು ಹಚ್ಚಿ, ದಾರಿಯ ನಟ್ಟನಡುವೆ ಸಾಗುವ ಟ್ರ್ಯಾಕ್ಟರಿನ ಹಿಂದೆ ಪ್ರಯಾಣ ಮಾಡಿದವನಿಗೆ ವೈರಾಗ್ಯದ ಉಪದೇಶ ಬೇರೆ ಬೇಕಾಗುವುದಿಲ್ಲವೆಂದಷ್ಟೇ ಹೇಳುತ್ತೇನೆ.

ಹೊಲದಲ್ಲಿ ಸಕಲವೂ ಸಿದ್ಧವಾಗಿತ್ತು. ತೆಗ್ಗು ತೋಡಿ, ಕುಳ್ಳು ಹೊತ್ತಿಸಿ, ಹೊಗೆಯಡಗಿ ನಿಗಿನಿಗಿ ಕೆಂಡವಾದ ಮೇಲೆ ಕಾಕಾ ಹಸಿ ತೆನೆಗಳನ್ನು ಅದರಲ್ಲಿ ಹುದುಗಿಸಿದ್ದರು. ಕಂಬಳಿಯ ಮೇಲೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹೊಸ ಬೆಲ್ಲ, ಗಡಿಗೆಯಲ್ಲಿ ಕೆನೆಮೊಸರು. ಆಂಗ್ಲರ ಸೇಬಿಗೂ ಕೊಡಗಿನ ಕಾಚಂಪುಳಿಗೂ ನಮ್ಮ ಪ್ರತ್ಯುತ್ತರವಾಗಿ ಬೊಗಸೆಗಟ್ಟಲೆ ಬಾರಿಹಣ್ಣು ಮತ್ತು ಉಪ್ಪು-ಖಾರ ಸವರಿದ ಪೇರಲದ ಹೋಳುಗಳು. ಕಾಕಾ ಮೊದಲ ತೆನೆಯನ್ನು ಕೆಂಡದಿಂದೆಳೆದು ತಿಕ್ಕಲು ಅಣಿಯಾದಾಗ, “ಇಲ್ಲಿ ಕೊಡ್ರಿ ಕಾಕಾ, ನಾನ ತಿಕ್ಕತೀನಿ” ಎಂದು ಕೈ ಚಾಚಿದೆನು.

“ಖಡು ಹಿಡಿಯೋ ಕೈ ನಿಂದು ತಮ್ಮಾ, ಸುಡತೈತಿ” ಎಂದರು ಅವರು. ಪರಸ್ಥಳದ ಅತಿಥಿಯ ಎದುರಿಗೆ ಹೀಗೆ ಎನ್ನಿಸಿಕೊಂಡವನು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದುಂಟೆ?

ಆ ತೆನೆಯು ನನ್ನ ಅಂಗೈಯಲ್ಲಿ ನೆಲೆಗೊಂಡ ಮುಹೂರ್ತದಲ್ಲಿ ನಾನು ದುರ್ದೈವವಶಾತ್ ಒಂದು ವಾಕ್ಯವನ್ನು ಆರಂಭಿಸಿದ್ದೆನು. “ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆರಿಸಿ ತೆಗೆದ ಎಂ 35-1 ಎಂಬ ಮಾಲದಂಡಿಯು ರೊಟ್ಟಿಗೆ ಶ್ರೇಷ್ಠವಾದುದಾದರೂ...” ಎಂಬಲ್ಲಿಗೆ ಬರುವಾಗ, ಬಲಗೈಯು ಪರಿಸ್ಥಿತಿಯನ್ನು ಕುರಿತು ತನ್ನ ಪ್ರಥಮ ವರದಿಯನ್ನು ಸಲ್ಲಿಸಿತು. ತೆನೆಯನ್ನು ಎಡಗೈಗೆ ವರ್ಗಾಯಿಸಿದೆನು. ಎಡಗೈಯೂ ಅದೇ ಅಭಿಪ್ರಾಯವನ್ನು ಇನ್ನಷ್ಟು ಖಂಡಿತವಾಗಿ ವ್ಯಕ್ತಪಡಿಸಿತು. ಕೆಳಗೆ ಬಿಟ್ಟೆನೋ, ಕೊಡಗು ಗೆದ್ದಂತೆ. ತಿಕ್ಕಿದೆನೋ, ವಾಕ್ಯವು ಅನಾಥವಾದಂತೆ. ಕನ್ನಡದ ಕ್ರಿಯಾಪದವು ವಾಕ್ಯದ ತುತ್ತತುದಿಯಲ್ಲಿ ಕುಳಿತಿರುತ್ತದೆಂಬುದನ್ನು ಎಷ್ಟೋ ತಲೆಮಾರಿನ ಮಕ್ಕಳಿಗೆ ಕಲಿಸಿದವನು ನಾನು. ಅಂಥವನು ಕರ್ತೃವನ್ನು ನಡುದಾರಿಯಲ್ಲಿ ಬಿಟ್ಟು ಓಡುವುದು ಎಲ್ಲಿಯ ನ್ಯಾಯ? ಆದುದರಿಂದ, “ಹಾಲುಗಾಳಿನಲ್ಲಿರುವ ಸಕ್ಕರೆಯು ಪಿಷ್ಟವಾಗಿ ಮಾರ್ಪಟ್ಟು ಕಾಳು ಬಲಿಯುವುದಕ್ಕೆ ಮುಂಚಿನ ಆ ಅಲ್ಪಾವಧಿಯಲ್ಲಿ, ಸಕ್ಕರಿ ಮುಕ್ರಿಯಂತಹ ಸೀತನಿ ಜೋಳದ ಮಾಧುರ್ಯವು...” ಎಂದು ಮುಂದುವರಿದೆನು. ಮಾಧುರ್ಯವನ್ನು ಉಚ್ಚರಿಸುವಾಗ ಎರಡು ಕಣ್ಣುಗಳಲ್ಲಿಯೂ ನೀರು ಧುಮ್ಮಿಕ್ಕಿತು. ಮಿತ್ರರು ಅದನ್ನು ನಾಡಿನ ಮೇಲಣ ಭಕ್ತಿಯೆಂದು ಬಗೆದು, ತಾವೂ ಕಣ್ಣೊರೆಸಿಕೊಂಡು, ಗೌರವದಿಂದ ಟೊಪ್ಪಿಗೆಯನ್ನು ತೆಗೆದರು. ಅದನ್ನು ಕಂಡು ನಾನು ವಾಕ್ಯಕ್ಕೆ ಮತ್ತೊಂದು ವಿಶೇಷಣವನ್ನು ಸೇರಿಸಿದೆನೆಂದರೆ ನನ್ನ ಸ್ವಭಾವವನ್ನು ಬಲ್ಲವರು ಆಶ್ಚರ್ಯಪಡಲಾರರು. ಆಗ ಕಾಕಾ, “ಲಗೂನ ತಿಕ್ಕೋ ತಮ್ಮಾ, ತೆನಿ ಆರಿ ಹೊಂಟೈತಿ!” ಎಂದರು.

“...ಅಪ್ರತಿಮವಾಗಿರುತ್ತದೆ!” ಎಂದು ಕ್ರಿಯಾಪದದ ದಡವನ್ನು ಮುಟ್ಟಿ, ತಿಕ್ಕಿ, ಊದಿ, ಹೂಂಕರಿಸಿ, ಹಸಿರು ಕಾಳುಗಳನ್ನು ಕಂಬಳಿಯ ಮೇಲೆ ಸುರಿದು, ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಕೆನೆಮೊಸರಿನ ಗಡಿಗೆಯಲ್ಲಿ ಅದ್ದಿದೆನು. ಇದೂ ಸೀತನಿಯ ವಿಧಿಯೇ ಇರಬೇಕೆಂದು ಭಾವಿಸಿದ ಮಿತ್ರರು ಕೋಟಿನ ತೋಳನ್ನು ಮಡಿಸಿ ತಾವೂ ಅದ್ದಿದರು. ಕಾಕಾ ಏನೊಂದನ್ನೂ ಹೇಳದೆ ಹಿಂಡಿಯ ಬಟ್ಟಲನ್ನು ಮಾತ್ರ ದೂರ ಸರಿಸಿದರು. ಬೋ-ಬೋ ಒಂದು ಮನೆಯನ್ನೇ ಸುಟ್ಟು ಕಂಡುಕೊಂಡ ಸತ್ಯವನ್ನು ನಾನು ಎರಡು ಅಂಗೈಗಳ ಮಿತವ್ಯಯದಲ್ಲಿಯೇ ಕಂಡುಕೊಂಡೆನು. ಬಿಸಿಕಾಳಿನ ಮೇಲೆ ಬೆಲ್ಲದ ಚೂರು, ಹಿಂದೆಯೇ ಒಂದು ಹುಳಿ ಬಾರಿಹಣ್ಣು. ಮಿತ್ರರು ಸೂರ್ಯಾಸ್ತದವರೆಗೆ ಹಂದಿಯ ಹೆಸರನ್ನೆತ್ತಲಿಲ್ಲ.

ಹೊರಡುವಾಗ ಅವರು ಕೇಳಿದರು: “ಇಷ್ಟು ರುಚಿಯಾದುದನ್ನು ಈ ಒಂದು ಹೊಲದಲ್ಲಿ ಮಾತ್ರ ಏಕೆ ಬಿತ್ತಿದ್ದಾರೆ?” ಕಾಕಾ ಕೆಂಡದ ಮೇಲೆ ಮಣ್ಣೆಳೆಯುತ್ತ ಉತ್ತರ ಕೊಟ್ಟರು: “ಎಲ್ಲಾರೂ ಬಿತ್ತಿದಾಗ ಹಕ್ಕಿ ಎಲ್ಲಾರ ಹೊಲದಾಗ ಒಂದೀಟ ಒಂದೀಟ ತಿಂತಿದ್ವು. ಈಗ ಸುತ್ತ ಕಬ್ಬು, ನಡುವ ನನ್ನ ಜ್ವಾಳ. ಊರ ಹಕ್ಕಿ ಎಲ್ಲಾ ನನ್ನ ಮ್ಯಾಲ ಬೀಳತಾವ್ರೀ. ಕವಣಿ ಬೀಸಾಕ ಹುಡುಗೂರೂ ಇಲ್ಲ.” ಹುಡುಗರು ಇಲ್ಲದಿರುವ ಕಾರಣ ನನಗೆ ಗೊತ್ತಿತ್ತು, ಅಟ್ಟದ ಮೇಲಿರಬೇಕಾದವರನ್ನು ಬೆಂಚಿನ ಮೇಲೆ ಕೂಡಿಸಿ ಕರ್ತೃ-ಕರ್ಮ-ಕ್ರಿಯಾಪದಗಳನ್ನು ಹೇಳಿಕೊಡುತ್ತಿದ್ದವನು ನಾನೇ ಅಲ್ಲವೆ? ಅವರು ಶಾಲೆಗೆ ಬಂದದ್ದು ಸರಿಯಾದುದೇ. ಕಬ್ಬು ಮನೆ ಕಟ್ಟಿಸಿತು, ಮಕ್ಕಳ ಮದುವೆ ಮಾಡಿಸಿತು, ಅದನ್ನು ನಿಂದಿಸುವ ಅಧಿಕಾರ ಸಂಬಳದವನಾದ ನನಗಿಲ್ಲ. ಆದರೆ ಹೆದ್ದಾರಿಯ ಮಗ್ಗುಲಲ್ಲಿ ಟಿಕೀಟು ಹರಿದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, ಗ್ಯಾಸಿನ ಒಲೆಯ ಬಾಣಲೆಯಲ್ಲಿ ಹುರಿದ ಆರಿದ ಕಾಳನ್ನು ‘ಹುರ್ಡಾ’ ಎಂದು ಮಾರುವವರಿಂದ ಸೀತನಿ ಉಳಿಯುತ್ತದೆಂಬ ಭ್ರಾಂತಿ ನನಗಿಲ್ಲ. ಅದು ಉಳಿಯುವುದು ಕೂಡಿ ಬಿತ್ತಿದರೆ ಮಾತ್ರ.

ಆದಕಾರಣ ಈ ಐದೂ ತಾಲೂಕುಗಳ ರೈತಬಾಂಧವರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಕಬ್ಬನ್ನು ಬೆಳೆಯಿರಿ, ಆದರೆ ಬರುವ ಹಿಂಗಾರಿಗೆ ಅಕ್ಕಪಕ್ಕದ ಹತ್ತು ಮನೆಯವರು ಮಾತಾಡಿಕೊಂಡು, ಬದುವಿನ ಗುಂಟ ಒಂದೇ ವಾರದಲ್ಲಿ ನಾಲ್ಕು ನಾಲ್ಕು ಸಾಲು ಸೀತನಿ ಜೋಳವನ್ನು ಬಿತ್ತಿರಿ. ಹಕ್ಕಿಗಳ ಪಾಲು ಹತ್ತು ಹೊಲಕ್ಕೆ ಹಂಚಿಹೋಗುತ್ತದೆ, ಉಳಿದದ್ದು ನಿಮ್ಮದು. ತಿಕ್ಕಲು ಕೈ ಸಾಲದಿದ್ದರೆ ನನಗೊಂದು ಮಾತು ಹೇಳಿ ಕಳುಹಿಸಿರಿ. ಮೊಸರಿನ ಗಡಿಗೆಯನ್ನು ಮಾತ್ರ ಹತ್ತಿರದಲ್ಲಿರಿಸಿರಿ.