ಅವಾದಿತ ಗಿಟಾರ್ ಕ್ರಯ ಮೀಮಾಂಸೆ

ನುಡಿಸಿ ನೋಡದ, ಕೈಯಲ್ಲಿ ಹಿಡಿಯದ, ಬಹುಪಾಲು ಸಂದರ್ಭಗಳಲ್ಲಿ ಹತ್ತಿರದಿಂದ ಕಂಡೂ ಇರದ ಗಿಟಾರನ್ನು ಮೊಬೈಲ್ ಪರದೆಯ ಮೇಲೆ ಆರಿಸಿ, ಹಣ ತೆತ್ತು, ಮನೆಬಾಗಿಲಿಗೆ ತರಿಸಿಕೊಳ್ಳುವ ವ್ಯವಹಾರವನ್ನು ಪ್ರಸ್ತುತ ಪ್ರಬಂಧದಲ್ಲಿ 'ಅವಾದಿತ ಕ್ರಯ' ಎಂದೂ, ಆ ವ್ಯವಹಾರಕ್ಕೆ ಇಳಿದವನನ್ನು 'ಕ್ರೇತೃ' ಎಂದೂ ಕರೆಯಲಾಗಿದೆ. ಅಧ್ಯಯನದ ಕ್ಷೇತ್ರ ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ಲ. ಹಿಂದಿನ ವಿದ್ವಾಂಸರು ಒಂದು ಸೀಮೆಯನ್ನು ಗುರುತಿಸಲು ಮಲಪ್ರಭೆ, ಘಟಪ್ರಭೆ, ಮರಳುಗಲ್ಲಿನ ಗುಡ್ಡಸಾಲು ಎಂದು ಮುಂತಾಗಿ ಹೇಳುತ್ತಿದ್ದರಾದರೂ, ಆನ್‌ಲೈನ್ ವ್ಯಾಪಾರಕ್ಕೆ ಹೊಳೆ ಗುಡ್ಡಗಳ ಪರಿಚಯ ಇಲ್ಲದ ಕಾರಣ ಇಲ್ಲಿ 587101, 587201, 587118 ಮತ್ತು 587125 ಎಂಬ ನಾಲ್ಕು ಪಿನ್‌ಕೋಡುಗಳನ್ನೇ ಗಡಿಕಲ್ಲುಗಳೆಂದು ಸ್ವೀಕರಿಸಲಾಗಿದೆ.

ವಿಷಯದ ಪ್ರಾಚೀನತೆಯನ್ನು ಸ್ಥಾಪಿಸದೆ ಪ್ರಬಂಧ ಬರೆಯುವುದು ಸಂಶೋಧನ ಶಿಷ್ಟಾಚಾರಕ್ಕೆ ವಿರುದ್ಧವಾದ್ದರಿಂದ ಮೊದಲು ಶಾಸನಗಳನ್ನು ನೋಡಬೇಕಾಗುತ್ತದೆ. ಬಾದಾಮಿಯ ಬೆಟ್ಟವನ್ನು ಕೋಟೆಯಾಗಿಸಿದ ಒಂದನೆಯ ಪುಲಕೇಶಿಯ ಕ್ರಿ.ಶ. 543ರ ಬಂಡೆಶಾಸನವಾಗಲಿ, ಮೂರನೆಯ ಗುಹೆಯಲ್ಲಿ ಮಂಗಲೇಶ ಬರೆಸಿದ 578ರ ಶಾಸನವಾಗಲಿ, ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿ ರಚಿಸಿದ 634ರ ಪ್ರಶಸ್ತಿಯಾಗಲಿ ಗಿಟಾರಿನ ಖರೀದಿಯ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಈ ಮೌನವನ್ನು ಅಭಾವವೆಂದು ತಿಳಿಯುವುದು ಅವಸರದ ತೀರ್ಮಾನವಾದೀತು. ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳ ನಡುವೆ ಇಂಥ ಚಿಲ್ಲರೆ ಸಂಗತಿಗೆ ಕವಿಗೆ ಗೋಡೆ ಸಾಲದೆ ಹೋಗಿರಬಹುದು. ಶಿಲ್ಪಸಾಕ್ಷ್ಯ ಮಾತ್ರ ಸ್ಪಷ್ಟವಾಗಿದೆ. ಬಾದಾಮಿಯ ಒಂದನೆಯ ಗುಹೆಯಲ್ಲಿ ಹದಿನೆಂಟು ತೋಳಿನ ನಟರಾಜನ ಪಕ್ಕದಲ್ಲಿ ಮದ್ದಳೆಗಾರನೊಬ್ಬನಿದ್ದು, ಅವನ ಕೈ ವಾದ್ಯದ ಮೇಲೆಯೇ ಇದೆ. ವಾದ್ಯವನ್ನು ಮುಟ್ಟಿ ನೋಡುವ ಪದ್ಧತಿ ಈ ಸೀಮೆಯಲ್ಲಿ ಆರನೆಯ ಶತಮಾನದಿಂದಲೇ ಇತ್ತೆಂದು ಇದರಿಂದ ಸಿದ್ಧವಾಗುತ್ತದೆ.

ಆ ಪದ್ಧತಿ ವಾದ್ಯಕ್ಕಷ್ಟೇ ಸೀಮಿತವಾಗಿರಲಿಲ್ಲ, ಈಗಲೂ ಇಲ್ಲ ಎಂಬುದನ್ನು ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಅರ್ಧ ತಾಸು ಕುಳಿತವರಾರೂ ಅಲ್ಲಗಳೆಯಲಾರರು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಇವೆರಡನ್ನು ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವ ಕೆಲಸಕ್ಕೆ ಕೊಂಡಿ ಎನ್ನುತ್ತಾರೆ. ಕೊಳ್ಳಲು ಬಂದ ಹೆಣ್ಣುಮಗಳು ಮೊದಲು ಸೆರಗು ಬಿಡಿಸಿ ಆ ಕೂಡುವ ಜಾಗದ ಮೇಲೆ ಹೆಬ್ಬೆರಳು ಆಡಿಸುತ್ತಾಳೆ, ಮಗ್ಗುಲು ತಿರುವಿ ನೋಡುತ್ತಾಳೆ, ದಡಿ ಗೋಮಿಯೋ ಗಾಡಿಯೋ ಚಿಕ್ಕಿ ಪರಾಸವೋ ಎಂದು ಅಂಗಡಿಯವನಿಗೇ ಪಾಠ ಹೇಳುತ್ತಾಳೆ, ಹೊರಗೆ ಬಿಸಿಲಿಗೆ ಒಯ್ದು ಬಣ್ಣ ಪರೀಕ್ಷಿಸುತ್ತಾಳೆ, ಇಷ್ಟೆಲ್ಲ ಆದಮೇಲೆ "ಇರಲಿ ಬಿಡ್ರಿ, ನಾಳಿ ನಮ್ಮ ಅತ್ತಿಯವರನ್ನ ಕರಕೊಂಡು ಬರತೀನಿ" ಎಂದು ಎದ್ದು ಹೋಗುತ್ತಾಳೆ. ಅದೇ ಮನೆಯ ಮಗ ಆ ರಾತ್ರಿ ಹನ್ನೊಂದು ಗಂಟೆಗೆ, ಹಾಸಿಗೆಯಲ್ಲಿ ಮಲಗಿಕೊಂಡೇ, ಮೂರು ಸೀರೆಗಳ ಬೆಲೆಯ ಗಿಟಾರಿಗೆ ಆರ್ಡರ್ ಕೊಡುತ್ತಾನೆ. ಒಂದೇ ಸೂರಿನಡಿಯ ಈ ವೈರುಧ್ಯವೇ ಪ್ರಬಂಧದ ಸಮಸ್ಯೆ.

ಪೂರ್ವಪಕ್ಷ, ಅಂದರೆ ಖಂಡಿಸುವ ಉದ್ದೇಶದಿಂದಲೇ ಮೊದಲು ಮಂಡಿಸುವ ಎದುರಾಳಿಯ ವಾದ, ಹೀಗಿದೆ: ನಾಲ್ಕು ಊರುಗಳಲ್ಲಿ ಹತ್ತು ಗಿಟಾರುಗಳನ್ನು ಸಾಲಾಗಿ ತೂಗುಹಾಕಿದ ಅಂಗಡಿ ಸಿಗುವುದು ದುರ್ಲಭ, ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕು, ಆದ್ದರಿಂದ ದೂರವೇ ಅವಾದಿತ ಕ್ರಯಕ್ಕೆ ಕಾರಣ. ಈ ವಾದ ನಿಲ್ಲುವುದಿಲ್ಲ. ಮದುವೆಯ ಜವಳಿಗೆ, ಹಲ್ಲುನೋವಿಗೆ, ಸುಮ್ಮನೆ ಸಿನಿಮಾಕ್ಕೂ ಹುಬ್ಬಳ್ಳಿಯ ಬಸ್ಸು ಹತ್ತುವ ಜನರಿಗೆ ಗಿಟಾರಿನ ವಿಷಯದಲ್ಲಿ ಮಾತ್ರ ಹುಬ್ಬಳ್ಳಿ ದೂರವಾಗುವುದು ತರ್ಕಕ್ಕೆ ನಿಲುಕದ ಸಂಗತಿ. ಸಂಗೀತ ಬಲ್ಲವರು ತಂಬೂರಿಗಾಗಿ ರಾಜ್ಯದ ಗಡಿ ದಾಟಿ ಮಿರಜಿಗೆ ಹೋಗುತ್ತ ಬಂದಿದ್ದಾರೆ; ಅಲ್ಲಿಯ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರಕಿದೆ. ತಂತಿಗಳನ್ನು ಹೊರುವ ಕುದುರೆಯ ಮೈಯನ್ನು ತೀಡಿ, ತಂತಿಯ ಅಡಿಯಲ್ಲಿ ನೂಲಿನೆಳೆಯನ್ನು ಕೂದಲಷ್ಟು ಹಿಂದೆ ಮುಂದೆ ಸರಿಸಿ ನಾದ ಬಿಚ್ಚಿಕೊಳ್ಳುವಂತೆ ಮಾಡುವ ಜವಾರಿ ಎಂಬ ಕೆಲಸವನ್ನು ಎದುರಿಗೆ ಕುಳಿತು ಮಾಡಿಸಿಕೊಂಡು, ಕಿವಿ ಒಪ್ಪಿದ ಮೇಲೆಯೇ ಏಳುವ ಗಿರಾಕಿಗೆ ದೂರದ ಪ್ರಶ್ನೆ ಏಳಲೇ ಇಲ್ಲ.

ಸಿದ್ಧಾಂತಪಕ್ಷ ಇಷ್ಟು: ಕ್ರೇತೃವು ಗಿಟಾರನ್ನು ಬಾರಿಸದೆ ಕೊಳ್ಳುವುದು ಅವನಿಗೆ ಬಾರಿಸಲು ಬಾರದೆ ಇರುವುದರಿಂದ. ಅಂಗಡಿಯೊಳಗೆ ಕಾಲಿಟ್ಟರೆ ಮಾಲೀಕ ಗೋಡೆಯ ಮೇಲಿನದನ್ನು ಇಳಿಸಿ, ತೊಡೆಯ ಮೇಲೆ ಇಟ್ಟು, "ಬಾರ್ಸಿ ನೋಡ್ರಿ ಸರ್ರ" ಎನ್ನುತ್ತಾನೆ. ಆ ಮೂರು ಶಬ್ದಗಳು ಕಿವಿಗೆ ಬಿದ್ದ ಕ್ಷಣದಿಂದ ಕ್ರೇತೃವಿನ ಕಷ್ಟಗಳು ಆರಂಭವಾಗುತ್ತವೆ. ಎಡಗೈ ಎಲ್ಲಿಡಬೇಕೆಂದು ತಿಳಿಯದೆ, ಆರೂ ತಂತಿಗಳನ್ನು ಒಮ್ಮೆ ಮೇಲಿನಿಂದ ಕೆಳಕ್ಕೆ ಸವರಿ, ತಲೆದೂಗಿ, "ಸೌಂಡ್ ಚಲೋ ಐತಿ" ಎಂದು ಹೇಳಿ ಹೊರಬೀಳಬೇಕಾದ ಆ ಅವಸ್ಥೆಯನ್ನು ಪಕ್ಕದಲ್ಲಿ ಹಾರ್ಮೋನಿಯಮ್ಮಿನ ತಿದಿ ರಿಪೇರಿಗೆ ಬಂದ ಭಜನಾಮಂಡಳಿಯ ಹಿರಿಯರು ನೋಡುತ್ತಿರುತ್ತಾರೆ. ಮೊಬೈಲಿನ ಅಂಗಡಿ ಹಾಗೆ ಕೇಳುವುದಿಲ್ಲ. ಸೀರೆ ಕೊಳ್ಳುವಾಕೆ ಮುಟ್ಟಿ ನೋಡುವುದು ಅವಳ ಬೆರಳಿಗೆ ಸೀರೆ ಗೊತ್ತಿರುವುದರಿಂದ. ಗೊತ್ತಿಲ್ಲದ ಬೆರಳಿಗೆ ಮುಟ್ಟುವ ಅವಕಾಶ ಒಂದು ಅವಮಾನವಷ್ಟೆ. ಆನ್‌ಲೈನ್ ವ್ಯಾಪಾರದ ನಿಜವಾದ ಬಂಡವಾಳ ರಿಯಾಯಿತಿಯಲ್ಲ, ಈ ದಾಕ್ಷಿಣ್ಯ.

ಹಾಗಾದರೆ ಕ್ರೇತೃ ಯಾವ ಆಧಾರದ ಮೇಲೆ ಆರಿಸುತ್ತಾನೆ ಎಂಬ ಪ್ರಶ್ನೆಗೆ ನ್ಯಾಯದರ್ಶನದ ಪ್ರಮಾಣಗಳು, ಅಂದರೆ ಸರಿಯಾದ ತಿಳಿವಳಿಕೆಯ ಸಾಧನಗಳು, ನೆರವಿಗೆ ಬರುತ್ತವೆ. ಇವು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು. ಪ್ರತ್ಯಕ್ಷಕ್ಕೆ ಇಲ್ಲಿ ಅವಕಾಶವಿಲ್ಲ; ಬಿಳಿ ಹಿನ್ನೆಲೆಯ ಚಿತ್ರದಲ್ಲಿ ಗಿಟಾರಿನ ಪಕ್ಕ ಒಂದು ಕೈಯೂ ಇರದ ಕಾರಣ ಅದು 38 ಇಂಚಿನದೋ 41 ಇಂಚಿನದೋ ಎಂಬುದೇ ತಿಳಿಯದು, ಮತ್ತು ಹುಡುಗರು ಪೂರ್ಣ ಗಾತ್ರದ್ದೆಂದು ತಿಳಿದು ತರಿಸಿದ್ದು 38ರದಾಗಿ ಬಿಚ್ಚಿಕೊಳ್ಳುವುದು ಸಾಮಾನ್ಯ. ಅನುಮಾನವೆಂದರೆ ಹೊಗೆ ಕಂಡು ಬೆಂಕಿಯನ್ನು ಊಹಿಸುವುದು. ಕ್ರೇತೃ ಹೊಳಪು ಕಂಡು ನಾದವನ್ನು ಊಹಿಸುತ್ತಾನೆ. ತಾರ್ಕಿಕರು ಇಂಥದನ್ನು ಸವ್ಯಭಿಚಾರ ಹೇತ್ವಾಭಾಸ, ಅಂದರೆ ಕಂಡಕಂಡಲ್ಲಿ ಹೋಗಿ ಕೂಡುವ ಕಾರಣ, ಎಂದು ಕರೆದು ತಳ್ಳಿಹಾಕಿದ್ದಾರೆ, ಏಕೆಂದರೆ ದಪ್ಪ ವಾರ್ನಿಶು ಪದರಹಲಗೆಯ ಮೇಲೂ ಅಷ್ಟೇ ಹೊಳೆಯುತ್ತದೆ ಮತ್ತು ಹಲಗೆಯ ಕಂಪನವನ್ನು ಕುಗ್ಗಿಸುತ್ತದೆ. ಉಪಮಾನವೆಂದರೆ ಸಾದೃಶ್ಯದಿಂದ ತಿಳಿಯುವುದು. ಸಿನಿಮಾದಲ್ಲಿ ನಾಯಕ ಮಳೆಯಲ್ಲಿ ಹಿಡಿದು ಹಾಡಿದ್ದರ ಹಾಗೆಯೇ ಇದೆ ಎಂಬುದು ಇಲ್ಲಿಯ ಸಾದೃಶ್ಯ. ಮಳೆಯಲ್ಲಿ ನೆನೆದ ಗಿಟಾರಿನ ಅಂಟು ಬಿಡುತ್ತದೆಂಬ ಸಂಗತಿ ಸಿನಿಮಾದಲ್ಲಿ ಬರುವುದಿಲ್ಲ.

ಉಳಿದದ್ದು ಶಬ್ದ, ಅಂದರೆ ಆಪ್ತನ, ನಂಬಲರ್ಹನ ಮಾತು. ಅವಾದಿತ ಕ್ರಯದಲ್ಲಿ ಆಪ್ತನ ಸ್ಥಾನದಲ್ಲಿರುವವರು ಹಿಂದೆ ಕೊಂಡು ಅಭಿಪ್ರಾಯ ಬರೆದವರು. ಈ ವಾಙ್ಮಯವನ್ನು ಸಾವಧಾನವಾಗಿ ಓದಿದರೆ ಒಂದು ವಿಶೇಷ ಗಮನಕ್ಕೆ ಬರುತ್ತದೆ: ಬೇಗ ಬಂತು, ಪ್ಯಾಕಿಂಗ್ ಚೆನ್ನಾಗಿದೆ, ಇನ್ನೂ ಬಿಚ್ಚಿಲ್ಲ ಎಂದು ಬರೆದವರು ಐದು ನಕ್ಷತ್ರಗಳನ್ನೂ, ಡಬ್ಬಿ ಮೂಲೆಯಲ್ಲಿ ಹರಿದಿತ್ತು ಎಂದವರು ಒಂದನ್ನೂ ಕೊಟ್ಟಿರುತ್ತಾರೆ. ಇವು ರಟ್ಟಿನ ಡಬ್ಬಿಯ ವಿಮರ್ಶೆಗಳೆಂದೂ, ಅವುಗಳ ಪ್ರಾಮಾಣ್ಯ ಡಬ್ಬಿಯ ಮಟ್ಟಿಗೆ ಪ್ರಶ್ನಾತೀತವೆಂದೂ ಒಪ್ಪಬೇಕು. ಭಾಟ್ಟ ಮೀಮಾಂಸಕರು ಅನುಪಲಬ್ಧಿ ಎಂಬ ಇನ್ನೊಂದು ಪ್ರಮಾಣವನ್ನು ಸೇರಿಸುತ್ತಾರೆ. ಒಂದು ವಸ್ತು ಇಲ್ಲವೆಂಬುದನ್ನು ಅದು ಕಾಣದಿರುವುದರಿಂದಲೇ ತಿಳಿಯುವುದು ಇದರ ಅರ್ಥ. ಚೀಲ, ಬೆಲ್ಟು, ಪಿಕ್ಕು, ಕೇಪೊ ಸಹಿತವೆಂದು ತರಿಸಿದ ಡಬ್ಬಿಯಲ್ಲಿ ಕೇಪೊ ಇಲ್ಲದಿರುವುದು ಈ ಪ್ರಮಾಣದಿಂದ ನಿಸ್ಸಂದೇಹವಾಗಿ ಗೊತ್ತಾಗುತ್ತದೆ.

ವಸ್ತು ತಲುಪುವ ಪ್ರಕರಣ ದೀರ್ಘವಾದದ್ದು, ಇಲ್ಲಿ ಸಂಗ್ರಹಿಸಲಾಗಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ ನವನಗರ ಎದ್ದಾಗ ಓಣಿಯ ಹೆಸರುಗಳ ಜಾಗದಲ್ಲಿ ಸೆಕ್ಟರ್ ಸಂಖ್ಯೆಗಳು ಬಂದವು. ಇದರಿಂದ ಕೊರಿಯರಿನವರಿಗೆ ಅನುಕೂಲವಾಯಿತೆಂಬುದು ಕಾಗದದ ಮೇಲಿನ ಮಾತು, ಏಕೆಂದರೆ ಇಂದಿಗೂ ಅವರು ಫೋನು ಮಾಡಿ, "ಅಣ್ಣಾರ, ಸೆಕ್ಟರ್ ಬಿಡ್ರಿ, ಯಾವ ಗುಡಿ ಹತ್ರ ಹೇಳ್ರಿ" ಎಂದೇ ಕೇಳುತ್ತಾರೆ. ಹುನಗುಂದ, ಇಳಕಲ್ಲಗಳಿಗೆ ಡಬ್ಬಿ ಹೆದ್ದಾರಿಯ ಮೇಲೆ, ಹಲವೊಮ್ಮೆ 40 ಡಿಗ್ರಿ ಮುಟ್ಟುವ ಬೇಸಿಗೆಯ ಬಿಸಿಲಲ್ಲಿ, ತಗಡಿನ ವ್ಯಾನಿನೊಳಗೆ ಬರುತ್ತದೆ. ಗಿಟಾರಿನ ಕಟ್ಟಿಗೆಗೆ ಗಾಳಿಯಲ್ಲಿ ಶೇಕಡ 45ರಿಂದ 55ರಷ್ಟು ತೇವ ಬೇಕು. ಅದು ಸಿಗದಾಗ, ಬೇಸಿಗೆಯಲ್ಲಿ ಚಕ್ಕಡಿಯ ಗಾಲಿ ಒಣಗಿ ಕಬ್ಬಿಣದ ಹಳಿ ಸಡಿಲಾಗುವಂತೆ, ಕುತ್ತಿಗೆಯ ಕಟ್ಟಿಗೆ ಕುಗ್ಗಿ ಲೋಹದ ಫ್ರೆಟ್ಟುಗಳ ತುದಿಗಳು ಅಂಚಿನಿಂದ ಹೊರಚಾಚಿ ಅಂಗೈಯನ್ನು ಗೀರುತ್ತವೆ. ಉತ್ತಮ ಗಿಟಾರುಗಳ ಬೆರಳುಹಲಗೆಗೆ ಜಗತ್ತಿನಾದ್ಯಂತ ಬಳಸುವ ಬೀಟೆ ಮರ ಕರ್ನಾಟಕದ ಮಲೆನಾಡಿನಲ್ಲೇ ಬೆಳೆಯುತ್ತದೆಂಬುದನ್ನು ಗಾಯಗೊಂಡ ಕ್ರೇತೃವಿಗೆ ಸಮಾಧಾನಾರ್ಥವಾಗಿ ಹೇಳಬಹುದಾದರೂ, ಅವನ ಗಿಟಾರಿನಲ್ಲಿರುವುದು ಬೀಟೆಯೇ ಎಂದು ಹೇಳಲು ಧೈರ್ಯ ಸಾಲದು.

ಇನ್ನು ಶ್ರುತಿ. ಆರು ತಂತಿಗಳೂ ಸರಿಯಾಗಿ ಬಿಗಿದಾಗ ಗಿಟಾರಿನ ಮೇಲೆ ಒಟ್ಟು 70 ಕಿಲೋಗ್ರಾಮಿಗೂ ಮೀರಿದ ಎಳೆತ ಬೀಳುತ್ತದೆ. ಮೊಬೈಲಿನ ಟ್ಯೂನರ್ ಆ್ಯಪು 'ಇ' ಎಂದು ತೋರಿಸುವವರೆಗೆ ಕಿವಿ ತಿರುವುತ್ತ ಹೋಗುವ ಕ್ರೇತೃ, ಇರಬೇಕಾದ 'ಇ'ಯನ್ನು ದಾಟಿ ಮೇಲಿನ ಸ್ಥಾಯಿಯ 'ಇ'ಯತ್ತ ನಡೆದಿರುವುದು ತಂತಿ ಹರಿದು ಕೆನ್ನೆಗೆ ಬಡಿದಾಗ ತಿಳಿಯುತ್ತದೆ. ಹರಿಯದೆ ಉಳಿದರೆ ಆ್ಯಕ್ಷನ್ ಎಂಬ ತೊಡಕು ಕಾದಿರುತ್ತದೆ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂಬ ಅಳತೆಗೆ ಆ ಹೆಸರು. ಎರಡು, ಎರಡೂವರೆ ಮಿಲಿಮೀಟರು ಬೆರಳಿಗೆ ಹಿತ, ನಾಲ್ಕಾದರೆ ಶಿಕ್ಷೆ. ಕುತ್ತಿಗೆಯೊಳಗಿನ ಟ್ರಸ್ ರಾಡ್ ಎಂಬ ಸರಳನ್ನು ಕಾಲು ಸುತ್ತು ತಿರುವಿ ಕುತ್ತಿಗೆಯ ಬಾಗು ತಿದ್ದಬಹುದು, ಕುದುರೆಯ ಮೇಲಿನ ಪಟ್ಟಿಯನ್ನು ಉಜ್ಜಿ ತಂತಿಯನ್ನು ಇಳಿಸಬಹುದು. ಆದರೆ ಇವನ್ನು ಮಾಡಬಲ್ಲವನು ಕ್ರೇತೃ ತಪ್ಪಿಸಿಕೊಂಡು ಬಂದ ಆ ಅಂಗಡಿಯಲ್ಲೇ ಕುಳಿತಿರುತ್ತಾನೆ.

ಮರಳಿಸುವ ಹಕ್ಕಿನ ವಿಚಾರ ಸೂಕ್ಷ್ಮವಾದದ್ದು. ದೋಷವುಳ್ಳ ಅಥವಾ ವರ್ಣನೆಗೆ ಹೊಂದದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ನಿರಾಕರಿಸಬಾರದೆಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ತಂತಿ ಗರಗರ ಎನ್ನುತ್ತಿದ್ದರೆ ದೋಷ ಫ್ರೆಟ್ಟಿನದೋ, ಸರಿಯಾಗಿ ಒತ್ತದ ಬೆರಳಿನದೋ? ಇದನ್ನು ನಿರ್ಣಯಿಸಲು ಬಾರಿಸಬಲ್ಲವನೊಬ್ಬ ಬೇಕು, ಅಂಥವನು ಮನೆಯಲ್ಲಿದ್ದಿದ್ದರೆ ಪ್ರಕರಣವೇ ಹುಟ್ಟುತ್ತಿರಲಿಲ್ಲ. ಮೇಲಾಗಿ ಬೆರಳ ತುದಿ ಗಟ್ಟಿಯಾಗಿ ನೋವು ನಿಲ್ಲಲು ಕೆಲವು ವಾರಗಳಾದರೂ ಬೇಕು. ಮರಳಿಸುವ ಗಡುವು ಸಾಮಾನ್ಯವಾಗಿ ಏಳೋ ಹತ್ತೋ ದಿನಗಳದು. ಹೀಗಾಗಿ ದೋಷ ಯಾರದೆಂಬ ಜ್ಞಾನ ಹುಟ್ಟುವ ಹೊತ್ತಿಗೆ ಹಕ್ಕು ಸತ್ತಿರುತ್ತದೆ, ಡಬ್ಬಿಯನ್ನು ಅಜ್ಜಿ ಸೆಂಡಿಗೆ ಒಣಹಾಕಲು ಒಯ್ದಿರುತ್ತಾಳೆ.

ಕೆಲವು ತಿಂಗಳು ಗೋಡೆಯ ಮೊಳೆಗೆ ನೇತುಬಿದ್ದ ಬಳಿಕ ಗಿಟಾರು ಎರಡನೆಯ ಕ್ರಯಕ್ಕೆ ಸಿದ್ಧವಾಗುತ್ತದೆ. ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ ಅದರ ಫೋಟೊದ ಕೆಳಗೆ 'ಹೊಸದರಂತಿದೆ, ಒಮ್ಮೆಯೂ ಬಾರಿಸಿಲ್ಲ' ಎಂದು ಬರೆದಿರುತ್ತದೆ. ವಾದ್ಯದ ವಿಷಯದಲ್ಲಿ ಇದು ಗುಣವೋ ದೋಷವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲವಾದರೂ, ಮಾರುಕಟ್ಟೆ ಅದನ್ನು ಗುಣವೆಂದೇ ಗಣಿಸುತ್ತದೆ. ಇಳಕಲ್ಲಿನ ಮಾರುವವನಿಗೆ ಹುನಗುಂದದಿಂದ ಸಂದೇಶ ಬರುತ್ತದೆ: "ಬಾರ್ಸಿದ್ದೊಂದು ವಿಡಿಯೊ ಕಳಸ್ರಿ." ಇಂಥ ಸಂದಿಗ್ಧದಲ್ಲಿ, ತಾನು ಕೊಳ್ಳುವ ಮುನ್ನ ನೋಡಿ ಮರುಳಾಗಿದ್ದ ಯೂಟ್ಯೂಬಿನ ವಿಡಿಯೊವನ್ನೇ, ಬಾರಿಸುವವನ ಮುಖ ಬರದಂತೆ ಕತ್ತರಿಸಿ ಕಳಿಸುವ ಪದ್ಧತಿ ಇದೆ.